ದೊಡ್ಡಕ್ಕನ ಬಲಗೈ

"ಗುರುಗಳೇ, ಹತ್ತು ಜನರ ಮುಂದೆ ನಿಲ್ಲುವವನಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಏನು?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಶಂಭುಲಿಂಗ. ನರ್ಸಿಂಗ್ ಓದಿದವನು. ಮಠದ ವೃದ್ಧಾಲಯದಲ್ಲಿ ಹಾಸಿಗೆ ಹಿಡಿದ ಹಿರಿಯರ ಆರೈಕೆ ಮಾಡಿಕೊಂಡು ಬಂದವನು. ಬರುವ ವಾರದಿಂದ ಆ ಮನೆಯ ಮುಖ್ಯಸ್ಥನ ಕುರ್ಚಿ ಅವನದು. ಅಧಿಕಾರ ಬರುವ ಹೊತ್ತಿಗೆ ಇಂಥ ಪ್ರಶ್ನೆ ಹುಟ್ಟುವುದು ಒಳ್ಳೆಯ ಲಕ್ಷಣವೇ ಅನ್ನಿ. ಕುರ್ಚಿ ಹಳತಾದ ಮೇಲೆ ಯಾರೂ ಕೇಳುವುದಿಲ್ಲ.

"ನಿನಗೇನು ಅನ್ನಿಸುತ್ತದೆ?" ಎಂದರು ಗುರುಗಳು.

"ಕನಿಕರ ಬೇಕು ಅನ್ನಿಸುತ್ತದೆ. ಹಿರಿಯರು ಕಷ್ಟಪಡುವುದನ್ನು ನೋಡಲಾರದ ಮನಸ್ಸು ಬೇಕು."

"ನೋಡಲಾರದ ಮನಸ್ಸು," ಎಂದು ಗುರುಗಳು ಮೆಲ್ಲಗೆ ತಮ್ಮಷ್ಟಕ್ಕೇ ಹೇಳಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನ ಆಸ್ಪತ್ರೆಯಲ್ಲಿ ವನಜಾಕ್ಷಿ ಎಂಬ ದಾದಿ ಇದ್ದಳು. ಅವಳಿಗೆ ಕೆಲಸ ಕಲಿಸಿದವಳು ಇನ್ನೊಬ್ಬ ದಾದಿ, ವಯಸ್ಸಿನಲ್ಲಿ ಬಹಳ ಹಿರಿಯಳು. ಆಕೆಯನ್ನು ಅಲ್ಲಿ ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಏನೋ ಇತ್ತು, ಅದು ಸಂಬಳ ಕೊಡುವವರಿಗೆ ಮಾತ್ರ ಗೊತ್ತಿತ್ತು.

ದೊಡ್ಡಕ್ಕ ಕೆಲಸ ಮಾಡುವ ರೀತಿ ವನಜಾಕ್ಷಿಗೆ ಮೊದಮೊದಲು ವಿಚಿತ್ರವಾಗಿ ಕಂಡಿತು. ಮುದುಕನೊಬ್ಬ ನಡುಗುವ ಬೆರಳುಗಳಿಂದ ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದರೆ ಆಕೆ ಎದುರಿಗೆ ನಿಂತು ನೋಡುತ್ತಿದ್ದಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿರುತ್ತಿದ್ದಳು. ಗುಂಡಿ ತಪ್ಪುತ್ತಿತ್ತು, ಮತ್ತೆ ತಪ್ಪುತ್ತಿತ್ತು. ಆಕೆ ಪೇಟೆಯ ಸುದ್ದಿ, ತರಕಾರಿಯ ರೇಟು, ಯಾರದೋ ಮನೆಯ ಜಗಳ ಎಲ್ಲವನ್ನೂ ಹೇಳುತ್ತ ನಿಂತಿರುತ್ತಿದ್ದಳೇ ಹೊರತು ಕೈ ಮುಂದೆ ತರುತ್ತಿರಲಿಲ್ಲ. ಈಕೆ ಒಳ್ಳೆಯವಳು, ಆದರೆ ಸ್ವಲ್ಪ ಮೈಗಳ್ಳಿ ಎಂದು ವನಜಾಕ್ಷಿ ಒಳಗೊಳಗೇ ತೀರ್ಮಾನ ಮಾಡಿದ್ದಳು. ಆದರೂ ಆಕೆಯ ಮೇಲೆ ತಾಯಿಯ ಮೇಲಿರುವಷ್ಟು ಪ್ರೀತಿ. ಹುಣ್ಣು ತೊಳೆಯುವುದು, ನೋಯದಂತೆ ಮಗ್ಗುಲು ಬದಲಿಸುವುದು, ಸಾಯುವವರ ಪಕ್ಕದಲ್ಲಿ ಹೆದರದೆ ಕೂರುವುದು, ಎಲ್ಲ ಕಲಿತದ್ದು ಆಕೆಯಿಂದಲೇ.

ದೊಡ್ಡಕ್ಕ ನಿವೃತ್ತಳಾದಳು. ವನಜಾಕ್ಷಿ ಒಂದು ವೃದ್ಧಾಲಯದ ಕೆಲಸಕ್ಕೆ ಸೇರಿದಳು.

ಅವಳದು ಚುರುಕು ಕೈ. ಬೇರೆ ವಾರ್ಡುಗಳಲ್ಲಿ ಇನ್ನೂ ತಟ್ಟೆ ಹಾಕುತ್ತಿರುವಾಗಲೇ ಅವಳ ವಾರ್ಡಿನಲ್ಲಿ ಎಲ್ಲರ ಊಟ ಮುಗಿದು ಬಾಯಿ ಒರೆಸಿಯಾಗಿರುತ್ತಿತ್ತು. ಅವಳ ಮುದುಕರ ಅಂಗಿಯ ಮೇಲೆ ಒಂದು ಕಲೆ ಇಲ್ಲ, ಮುದುಕಿಯರ ಕೂದಲಲ್ಲಿ ಒಂದು ಸಿಕ್ಕು ಇಲ್ಲ. ಭಾನುವಾರ ನೋಡಲು ಬರುವ ಮಕ್ಕಳು ಸಂತೋಷಪಟ್ಟರು. ಆಡಳಿತದವರು ಅವರಿಗಿಂತ ಹೆಚ್ಚು ಸಂತೋಷಪಟ್ಟರು. ಅವಳು ವಾರ್ಡಿಗೆ ಹಿರಿಯಳಾದಳು, ಆಮೇಲೆ ಇಡೀ ವೃದ್ಧಾಲಯಕ್ಕೆ ಮೇಟ್ರನ್ ಆದಳು.

ಇದರಲ್ಲಿ ತೋರಿಕೆ ಏನೂ ಇರಲಿಲ್ಲ. ಅವಳು ನಿಜವಾಗಿಯೂ ಮೈಮುರಿದು ದುಡಿಯುವವಳು. ಯಾರದೋ ಕೈಯಿಂದ ತುತ್ತು ಜಾರಿದರೆ ಅವಳಿಗೆ ನೋಡಲಾಗುತ್ತಿರಲಿಲ್ಲ. ಮೇಟ್ರನ್ ಆದ ಮೇಲೂ ಓಡಿಹೋಗಿ ತಾನೇ ಚಮಚ ಹಿಡಿಯುತ್ತಿದ್ದಳು. ಮೇಟ್ರನ್ನೇ ಓಡಿದರೆ ಉಳಿದವರು ನಿಂತು ನೋಡುವುದುಂಟೇ? ಅವರೂ ಓಡಿದರು. ಅವಳು ಹೀಗೇ ಮಾಡಿ ಎಂದು ಯಾರಿಗೂ ಅಪ್ಪಣೆ ಕೊಡಲಿಲ್ಲ, ಕೊಡಬೇಕಾಗಿಯೂ ಬರಲಿಲ್ಲ. ಕೆಲವು ಕಾಲದ ಮೇಲೆ ಆ ಮನೆಯಲ್ಲಿ ಊಟದ ಹೊತ್ತಿಗೆ ಹಿರಿಯರೆಲ್ಲ ಸಾಲಾಗಿ ಬಾಯಿ ತೆರೆದು ಕೂರುತ್ತಿದ್ದರು. ಕೈಗಳು ಮಡಿಲಲ್ಲಿ ಬಿದ್ದಿರುತ್ತಿದ್ದವು.

ಆಗ ದೊಡ್ಡಕ್ಕನಿಗೆ ಲಕ್ವ ಹೊಡೆಯಿತು.

ಆಸ್ಪತ್ರೆಯಲ್ಲಿ ಬಹುಮಟ್ಟಿಗೆ ಗುಣವಾಯಿತು. ಕಾಲು ಸ್ವಲ್ಪ ಎಳೆಯುತ್ತಿತ್ತು, ಬಲಗೈ ನಿಧಾನವಾಗಿತ್ತು, ಅಷ್ಟೇ. ಮುಂದೆ ಎಲ್ಲಿರುತ್ತೀರಿ ಎಂದು ಕೇಳಿದವರಿಗೆ, "ಇನ್ನೆಲ್ಲಿ? ನಾನು ಕಲಿಸಿದ ಹುಡುಗಿ ಮೇಟ್ರನ್ ಆಗಿದ್ದಾಳೆ. ಅವಳ ಹತ್ತಿರಾನೇ ಹೋಗ್ತೀನಿ. ಕೈ ಕುದುರಿದ ಮೇಲೆ ಮುಂದಿನ ಮಾತು," ಎಂದಳು. ವನಜಾಕ್ಷಿ ತಾನೇ ಹೋಗಿ ಕರೆತಂದಳು. ಕಿಟಕಿಯ ಪಕ್ಕದ ಮಂಚ ಕೊಟ್ಟಳು. ಗುರುವಿನ ಋಣ ತೀರಿಸುವ ಕಾಲ ಬಂತು ಎಂದು ಅವಳಿಗೆ ಹಿಗ್ಗು.

ಮೊದಲ ದಿನ ದೊಡ್ಡಕ್ಕ ಬಲಗೈಯಿಂದಲೇ ಅನ್ನ ಕಲಸಿದಳು. ಕಲಸುವುದಕ್ಕೇ ಬಹಳ ಹೊತ್ತಾಯಿತು. ತುತ್ತು ಬಾಯಿಗೆ ಬರುವಷ್ಟರಲ್ಲಿ ಅರ್ಧ ಸೀರೆಯ ಮೇಲಿತ್ತು. ವನಜಾಕ್ಷಿ ಚಮಚ ಹಿಡಿದು ಬಂದು ಕೂತಳು.

"ಏ ಹುಡುಗಿ, ನನ್ನ ಬಾಯಿ ಎಲ್ಲಿದೆ ಅಂತ ನನಗೆ ಗೊತ್ತಿದೆ ಕಣೇ."

"ನಿಮಗೆ ಗೊತ್ತಿದೆ ಅಕ್ಕ, ಅನ್ನಕ್ಕೆ ಗೊತ್ತಾಗ್ತಿಲ್ವಲ್ಲ. ಅದು ಸೀರೆ ಕಡೆ ಹೋಗ್ತಿದೆ."

"ಹೋಗ್ಲಿ ಬಿಡು. ಸೀರೆಯೂ ಒಂದು ತುತ್ತು ಉಣ್ಣಲಿ."

ಪಕ್ಕದ ಮಂಚದವರೆಲ್ಲ ನಕ್ಕರು. ವನಜಾಕ್ಷಿಯೂ ನಕ್ಕಳು, ನಗುತ್ತಲೇ ಚಮಚವನ್ನು ಆಕೆಯ ಬಾಯಿಗಿಟ್ಟಳು. "ಜೀವಮಾನವೆಲ್ಲ ಬೇರೆಯವರ ಚಾಕರಿ ಮಾಡಿದ ಕೈ ಅಕ್ಕ ಇದು. ಇನ್ನಾದರೂ ಸುಮ್ಮನಿರಲಿ."

"ಸುಮ್ಮನಿದ್ದರೆ ಅದು ಕೈಯಾಗಿ ಉಳಿಯಲ್ಲ ಕಣೇ," ಎಂದಳು ದೊಡ್ಡಕ್ಕ. ಬಾಯಲ್ಲಿ ಅನ್ನ ಇತ್ತು, ಮಾತು ಸ್ಪಷ್ಟವಾಗಲಿಲ್ಲ. ವನಜಾಕ್ಷಿ ಆಗಲೇ ಇನ್ನೊಂದು ತುತ್ತು ಎತ್ತಿದ್ದಳು.

ಆ ವಾರ್ಡಿನಲ್ಲಿ ಜಸಿಂತಾ ಎಂಬ ಹೊಸ ದಾದಿ ಇದ್ದಳು. ಮೇಟ್ರನ್ ಇಲ್ಲದ ಹೊತ್ತಿನಲ್ಲಿ ದೊಡ್ಡಕ್ಕ ಅವಳನ್ನು ಒಲಿಸಿಕೊಂಡಳು. "ಮಗಾ, ತಟ್ಟೆ ಇಡು. ಕೈ ಹಿಂದಕ್ಕೆ ಕಟ್ಕೋ. ನಿನ್ನೂರಿನ ಸುದ್ದಿ ಹೇಳ್ತಾ ನಿಂತ್ಕೋ. ಎಷ್ಟೇ ಚೆಲ್ಲಿದರೂ ಮುಟ್ಟಬೇಡ." ಜಸಿಂತಾ ಹಾಗೆಯೇ ಮಾಡಿದಳು. ದಿನದಿಂದ ದಿನಕ್ಕೆ ಸೀರೆಗೆ ಬೀಳುವುದು ಕಡಿಮೆಯಾಗುತ್ತ ಬಂತು. ಒಂದು ದಿನ ದೊಡ್ಡಕ್ಕ ಆ ಕೈಯಿಂದ ಹಣೆಗೆ ಕುಂಕುಮ ಇಟ್ಟುಕೊಂಡಳು. ಅದು ಹಣೆಯ ನಡುವೆ ಇರಲಿಲ್ಲ, ಹುಬ್ಬಿನ ಪಕ್ಕಕ್ಕೆ ಹೋಗಿತ್ತು. ಕನ್ನಡಿಯಲ್ಲಿ ನೋಡಿಕೊಂಡು, "ಪರವಾಗಿಲ್ಲ, ಮುಖದ ಮೇಲೇ ಇದೆ," ಎಂದು ಮಗುವಿನಂತೆ ನಕ್ಕಳು.

ಹೀಗಿರುವಾಗ ಒಂದು ಮಧ್ಯಾಹ್ನ ವೃದ್ಧಾಲಯಕ್ಕೆ ನೆರವು ಕೊಡುವ ದೊಡ್ಡ ಮನುಷ್ಯರೊಬ್ಬರು ನೋಡಲು ಬಂದರು. ವನಜಾಕ್ಷಿ ಜೊತೆಯಲ್ಲಿದ್ದಳು. ಕಿಟಕಿಯ ಪಕ್ಕದ ಮಂಚದಲ್ಲಿ ಮುದುಕಿಯೊಬ್ಬಳು ಸೀರೆಯ ಮೇಲೆ ಸಾರು ಚೆಲ್ಲಿಕೊಂಡು ಉಣ್ಣುತ್ತಿದ್ದಾಳೆ. ಎದುರಿಗೆ ದಾದಿ ಕೈಕಟ್ಟಿ ಮಾತಾಡುತ್ತ ನಿಂತಿದ್ದಾಳೆ. ಬಂದವರು, "ಅಯ್ಯೋ ಪಾಪ, ಇವರನ್ನು ನೋಡಿಕೊಳ್ಳೋರು ಯಾರೂ ಇಲ್ವೇ?" ಎಂದರು.

ವನಜಾಕ್ಷಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವರು ಹೋದದ್ದೇ ತಡ, ಜಸಿಂತಾಳನ್ನು ಎಲ್ಲರೆದುರೇ ಹಿಡಿದು ನಿಲ್ಲಿಸಿದಳು. "ನಿನ್ನ ಹೆತ್ತ ತಾಯಿಯಾಗಿದ್ದರೆ ಹೀಗೆ ತಮಾಷೆ ನೋಡ್ತಾ ನಿಲ್ತಿದ್ಯಾ? ಕೆಲಸ ಮಾಡೋಕೆ ಕಷ್ಟವಾದರೆ ಹೇಳು, ನಾಳೆಯಿಂದ ಬರೋದು ಬೇಡ."

ಜಸಿಂತಾ ತಲೆ ತಗ್ಗಿಸಿದಳು. ದೊಡ್ಡಕ್ಕ ಏನೋ ಹೇಳಲು ಹೊರಟಳು, ವನಜಾಕ್ಷಿ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು. ನನ್ನ ಗುರುವನ್ನು ಹೊರಗಿನವರು ಪಾಪ ಅನ್ನುವ ಹಾಗಾಯಿತಲ್ಲ ಎಂಬುದೊಂದೇ ಅವಳ ತಲೆಯಲ್ಲಿತ್ತು.

ಮರುದಿನ ಜಸಿಂತಾ ತಟ್ಟೆ ಇಟ್ಟು ಹಿಂದೆ ಸರಿದಳು. ದೊಡ್ಡಕ್ಕ ತಟ್ಟೆಯನ್ನು ನೋಡಿದಳು, ಆ ಹುಡುಗಿಯ ಮುಖವನ್ನು ನೋಡಿದಳು.

"ಬೇಡ ಮಗಾ, ಚಮಚ ತಗೋ. ನಿನ್ನ ಕೆಲಸ ಹೋದೀತು."

ಹಾಗೆಂದು ಬಲಗೈಯನ್ನು ತಾನೇ ಚಾದರದ ಕೆಳಗೆ ಇಟ್ಟುಕೊಂಡು ಬಾಯಿ ತೆರೆದಳು.

ಅಂದಿನಿಂದ ಆಕೆಗೆ ಊಟ ಮಾಡಿಸಿದರು, ತಲೆ ಬಾಚಿದರು, ಕುಂಕುಮ ಇಟ್ಟರು. ಕುಂಕುಮ ಈಗ ಹಣೆಯ ಸರಿಯಾಗಿ ನಡುವೆ ಇರುತ್ತಿತ್ತು. ದೊಡ್ಡಕ್ಕನ ಬಾಯಲ್ಲಿ ಪೇಟೆಯ ಸುದ್ದಿ ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ಕೆಲವು ತಿಂಗಳ ಮೇಲೆ ಜಸಿಂತಾ ಧೈರ್ಯ ಮಾಡಿ, "ಮೇಡಂ, ಅಕ್ಕನ ಬೆರಳು ಒಳಕ್ಕೆ ಮಡಚಿಕೊಳ್ತಿವೆ," ಎಂದಳು.

"ವಯಸ್ಸು ಜಸಿಂತಾ, ವಯಸ್ಸಿಗೆ ನಾವೇನು ಮಾಡೋಕಾಗುತ್ತೆ? ಎಣ್ಣೆ ಹಚ್ಚು," ಎಂದಳು ವನಜಾಕ್ಷಿ. ಅವಳಿಗೂ ನೋವಾಯಿತು. ಸಂಜೆ ಬಂದು, ಆ ಕೈಗೆ ಚಳಿಯಾಗದಂತೆ ಚಾದರವನ್ನು ಸುತ್ತಲೂ ಒತ್ತಿ ಸರಿಮಾಡಿ ಹೋದಳು.

ಅವಳ ಕೀರ್ತಿ ಬೆಳೆಯಿತು. ಆ ಸೀಮೆಯ ಎಲ್ಲ ವೃದ್ಧಾಲಯಗಳ ದಾದಿಯರಿಗೂ ಅವಳನ್ನೇ ಮುಖ್ಯಸ್ಥೆಯಾಗಿ ಮಾಡಿದರು. ಇಲ್ಲಿ ಹೇಗೆ ನಡೆಯುತ್ತಿದೆಯೋ ಎಲ್ಲ ಕಡೆಯೂ ಹಾಗೆಯೇ ನಡೆಯಬೇಕು ಎಂದರು. ಹೊರಡುವ ದಿನ ಅವಳು ಯಾರ ಹಾರವನ್ನೂ ಹಾಕಿಸಿಕೊಳ್ಳಲಿಲ್ಲ. ನೇರವಾಗಿ ಕಿಟಕಿಯ ಪಕ್ಕದ ಮಂಚಕ್ಕೆ ಬಂದಳು. ಆಡಳಿತದವರು, ದಾದಿಯರು ಎಲ್ಲ ಹಿಂದೆ ಬಂದರು.

"ಅಕ್ಕಾ, ನಾನು ಏನಾಗಿದ್ದರೂ ನಿಮ್ಮಿಂದ. ಆಶೀರ್ವಾದ ಮಾಡಿ," ಎಂದು ದೊಡ್ಡಕ್ಕನ ಕಾಲು ಮುಟ್ಟಿ, ಮಂಚದ ಪಕ್ಕ ಮಂಡಿಯೂರಿ ತಲೆ ಬಾಗಿಸಿದಳು.

ಬಹಳ ದಿನಗಳ ಮೇಲೆ ದೊಡ್ಡಕ್ಕನ ಮುಖದಲ್ಲಿ ಕಳೆ ಬಂತು. ಆಕೆ ಕೈ ಎತ್ತಲು ಹೊರಟಳು. ಭುಜ ಅಲುಗಿತು, ಕೈ ಬರಲಿಲ್ಲ. ಉಸಿರು ಕಟ್ಟಿ ಮತ್ತೆ ಎತ್ತಿದಳು. ಚಾದರ ಸ್ವಲ್ಪ ಸರಿಯಿತು.

"ತಾಳೇ," ಎಂದಳು. "ಸ್ವಲ್ಪ ತಾಳು. ಬರುತ್ತೆ."

ಎಲ್ಲರೂ ನಿಂತಿದ್ದರು. ಹೊರಗೆ ಕಾರು ಕಾಯುತ್ತಿತ್ತು. ವನಜಾಕ್ಷಿ ತಲೆ ಎತ್ತಿ ನೋಡಿದಳು. ದೊಡ್ಡಕ್ಕನ ಹಣೆಯ ಮೇಲೆ ಬೆವರು ಮೂಡಿತ್ತು, ತುಟಿ ನಡುಗುತ್ತಿತ್ತು. ಮೊಣಕೈ ಹಾಸಿಗೆಯಿಂದ ಒಂದಿಷ್ಟು ಮೇಲೆದ್ದಿತ್ತು. ಜಸಿಂತಾ ಅದನ್ನು ಕಂಡಳು. ಕಂಡು ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡಳು. ವನಜಾಕ್ಷಿ ಕಂಡದ್ದು ಬೆವರನ್ನು ಮಾತ್ರ. ಅವಳಿಗೆ ನೋಡಲಾಗಲಿಲ್ಲ.

"ಅಯ್ಯೋ, ಸಾಕು ಅಕ್ಕ, ಆಯಾಸ ಮಾಡ್ಕೋಬೇಡಿ," ಎಂದು ಆ ಕೈಯನ್ನು ಮೃದುವಾಗಿ ಹಿಡಿದು ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡಳು.

ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಕೆಲವರು ಕಣ್ಣೊರೆಸಿಕೊಂಡರು. ದೊಡ್ಡಕ್ಕ ಆ ತಲೆಯ ಮೇಲಿದ್ದ ಕೈಯನ್ನು ನೋಡಿದಳು, ಬೇರೆ ಯಾರದ್ದೋ ವಸ್ತುವನ್ನು ನೋಡುವಂತೆ. ಏನೋ ಹೇಳಲು ತೆರೆದಿದ್ದ ಬಾಯಿ ಮುಚ್ಚಿಕೊಂಡಿತು. ವನಜಾಕ್ಷಿ ಕೈಯನ್ನು ಮತ್ತೆ ಚಾದರದ ಕೆಳಗಿಟ್ಟು, ಅಂಚನ್ನು ಒತ್ತಿ ಸರಿಮಾಡಿ ಹೊರಟಳು.

ಆಮೇಲೆ ದೊಡ್ಡಕ್ಕ ಆ ಕೈಯನ್ನು ಎತ್ತಲು ನೋಡಲೇ ಇಲ್ಲ. ಬೇಸಿಗೆ ಕಳೆಯುವ ಮೊದಲೇ ತೀರಿಕೊಂಡಳು. ಸುದ್ದಿ ತಿಳಿದು ವನಜಾಕ್ಷಿ ಓಡಿ ಬಂದಳು. ಕಡೆಯ ಸ್ನಾನವನ್ನು ತಾನೇ ಮಾಡಿಸುತ್ತೇನೆ ಎಂದಳು. ಎಲ್ಲ ತೊಳೆದಳು, ಮಡಚಿದ ಬಲಗೈಯ ಒಳಗನ್ನು ಮಾತ್ರ ತೊಳೆಯಲಾಗಲಿಲ್ಲ. ಬೆರಳುಗಳು ಬಿಡಿಸಿಕೊಳ್ಳಲಿಲ್ಲ.

ಅವಳು ಬಹಳ ಕಾಲ ಆ ಹುದ್ದೆಯಲ್ಲಿದ್ದಳು. ಎಲ್ಲಿ ಮಾತಾಡಿದರೂ, "ಈ ಕುರ್ಚಿಯಲ್ಲಿ ಕೂರುವ ಮೊದಲು ದೊಡ್ಡಕ್ಕನ ಆಶೀರ್ವಾದ ಪಡೆದು ಬಂದೆ," ಎನ್ನುತ್ತಿದ್ದಳು. ಅದನ್ನು ಮನಸಾರೆ ಹೇಳುತ್ತಿದ್ದಳು. ಅದೂ ನಿಜವೇ.

ಗುರುಗಳು ಕತೆ ನಿಲ್ಲಿಸಿದರು. ಶಂಭುಲಿಂಗನ ಕಣ್ಣು ತುಂಬಿತ್ತು. ಏನಾದರೊಂದು ಸಮಾಧಾನ ಹುಡುಕುವವನಂತೆ ಅವನು ಹೇಳಿದ:

"ಏನೇ ಆಗಲಿ ಗುರುಗಳೇ, ಕೊನೆಗೆ ಆ ತಾಯಿ ಅವಳ ತಲೆಯ ಮೇಲೆ ಕೈಯಿಟ್ಟರಲ್ಲ."

"ಅದನ್ನೂ ಅವಳೇ ಮಾಡಿಬಿಟ್ಟಳಲ್ಲಪ್ಪ," ಎಂದರು ಗುರುಗಳು.