ಚೆಲ್ಲಬೇಕಾದ ನಾಲ್ಕು ಕೊಡ

ಕಂಟ್ರಾಕ್ಟರ್ ತಿಪ್ಪೇರುದ್ರಪ್ಪನ ಕರಿ ಕಾರು ತೊಳೆದು ಒಣಗಿದರೆ ಸಾಕು, ಮೈತುಂಬ ಬಿಳಿ ಕಲೆ. ಬೋರ್‌ವೆಲ್ ನೀರು ಅಷ್ಟು ಗಡಸು. ಬೀದಿಯವರೆಲ್ಲ ಅದನ್ನೇ ಕುಡಿಯುತ್ತಿದ್ದರು. ಬೆಳಿಗ್ಗೆ ಒಲೆಗಿಟ್ಟ ಬೇಳೆ ಮಧ್ಯಾಹ್ನವಾದರೂ ಬೇಯುತ್ತಿರಲಿಲ್ಲ. ಅವರಿಗೆ ಯಾರೂ ಫಿಲ್ಟರ್ ತರಲಿಲ್ಲ. ಕಾರಿಗೆ ಬಂತು.

"ಈ ನೀರು ಕಾರಿಗೆ ಮಾತ್ರ ಕಣಲೇ. ಯಾರಿಗಾದ್ರೂ ಒಂದು ಚೊಂಬು ಕೊಟ್ಯೋ, ಕೆಲಸ ಬಿಟ್ಟು ನಡಿ" ಎಂದು ಯಜಮಾನ ತನ್ನ ಡ್ರೈವರ್ ದುರುಗಪ್ಪನಿಗೆ ಗುಡುಗಿದ.

ದುರುಗಪ್ಪನ ಮನೆಯೂ ಅದೇ ಬೀದಿಯಲ್ಲಿತ್ತು. ಮೂರು ದಿನ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ನಾಲ್ಕನೇ ದಿನ ಕಾರನ್ನು ಫಿಲ್ಟರ್ ನೀರಲ್ಲಿ ತೊಳೆದು, ಕೊನೆಗೆ ಯಾರೂ ನೋಡದಂತೆ ಒಂದು ಬಕೆಟ್ ಬೋರ್ ನೀರು ಸುರಿದ. ಕಲೆಗಳು ಎದ್ದವು.

"ಏನಲೇ ಇದು?"

"ಫಿಲ್ಟರಲ್ಲಿ ನಿಂತ ಹಳೇ ನೀರು ಯಜಮಾನ್ರೇ. ದಿನಾ ಮೊದಲ ನಾಲ್ಕು ಕೊಡ ಚೆಲ್ಲಬೇಕು."

"ಚೆಲ್ಲು ಮತ್ತೆ!"

"ಅಂಗಳ ಕೆಸರಾಗಿ ಟೈರಿಗೆ ಮೆತ್ಕೊಳ್ಳುತ್ತೆ."

"ಗೇಟಿನಾಚೆ ಚೆಲ್ಲೋ ದಡ್ಡ!"

ಮರುದಿನ ಪೈಪು ಗೇಟು ದಾಟಿತು. ಅಲ್ಲಿ ಹೆಂಗಸರು ಕೊಡ ಇಟ್ಟುಕೊಂಡು ಸಾಲಾಗಿ ನಿಂತಿದ್ದರು. ಯಜಮಾನ ಕೆಂಡವಾದ.

"ನಾನು ಚೆಲ್ತಿದೀನಿ ಅಷ್ಟೇ. ನಿಲ್ಲಿಸ್ಲಾ? ಆಮೇಲೆ ಕಲೆ ಬಂದ್ರೆ ನನ್ನ ಕೇಳ್ಬೇಡಿ" ಎಂದ ದುರುಗಪ್ಪ.

ಯಜಮಾನ ಹಲ್ಲು ಕಡಿದು ಒಳಗೆ ಹೋದ. ಅವತ್ತು ಕಾರಿನ ಮೇಲೆ ಒಂದು ಚುಕ್ಕೆಯೂ ಬೀಳಲಿಲ್ಲ.

ವಾರ ಕಳೆಯಿತು. ಯಜಮಾನ ರೇಷ್ಮೆ ಪಂಚೆಯುಟ್ಟು ಬೆಳಿಗ್ಗೆಯೇ ಬಾಗಿಲಿಗೆ ಬಂದು ಕೂಗಿದ:

"ದುರುಗಪ್ಪಾ, ಇವತ್ತು ಬೀಗರ ಮನೆಗೆ ಹೋಗ್ಬೇಕು. ಎಂಟು ಕೊಡ ಚೆಲ್ಲೋ!"