ಅಕ್ಕ ಮಾಡಿದಂಗ

ಹೂಂ ಅನ್ನೋರು ಹೂಂ ಅನ್ನಿ, ನಗೋರು ನಗಿ. ಆದರೆ ಹೊಳೆವ್ವನ ಮಗನನ್ನು ನೋಡಿ ನಗುವಾಗ ಸ್ವಲ್ಪ ಮೆಲ್ಲಗೆ, ಆಕೆಗೆ ಕೇಳಿಸೀತು.

ಕುಂಬಾರ ಹೊಳೆವ್ವನಿಗೆ ಗಂಡ ಇಲ್ಲ, ಮಕ್ಕಳಿಬ್ಬರು. ದೊಡ್ಡವಳು ಗಿರಿಜಾ, ಸಣ್ಣವನು ಅಡಿವೆಪ್ಪ. ಗಿರಿಜಾಗೆ ಅರ್ಧ ಮಾತು ಹೇಳಿದರೆ ಸಾಕು, ಉಳಿದರ್ಧ ತಾನೇ ಹೇಳಿ, ಕೆಲಸ ಮುಗಿಸಿ, ಹೇಳಿದವರದ್ದೇ ಒಂದು ತಪ್ಪು ತೋರಿಸೋಳು. ಅಡಿವೆಪ್ಪನಿಗೆ ಪೂರಾ ಮಾತು ಹೇಳಿದರೆ ಪೂರಾ ಮಾತನ್ನೂ ಮಾಡೋನು. ಒಂದು ಎಳ್ಳಷ್ಟು ಕಡಿಮೆ ಇಲ್ಲ, ಹೆಚ್ಚೂ ಇಲ್ಲ. ಒಂದೇ ಕೆರೆಯ ಮಣ್ಣು, ಒಂದೇ ಕೈ. ಎರಡೂ ಹ್ಯಾಂಗ ಹಿಂಗಾದವು ಅಂತ ತಿಗರಿ ತಿರುಗಿಸುತ್ತಾ ಹೊಳೆವ್ವ ಎಷ್ಟೋ ಸಲ ಯೋಚಿಸಿದ್ದಳು.

ಈಗ ಗಿರಿಜಾಳ ಮದುವೆ ಮಾತು. ನೋಡಲಿಕ್ಕೆ ಬರುತ್ತೇವೆ ಅಂದಿದ್ದ ಎರಡು ಮನೆಯವರು ತಮ್ಮನ ಸುದ್ದಿ ಕೇಳಿ ಬರಲೇ ಇಲ್ಲ. ಮೂರನೆಯವರು ಗುರುವಾರ ಬರುವವರಿದ್ದರು. ಇದೂ ತಪ್ಪಿದರೆ ಮಗಳ ಮುಖ ಹ್ಯಾಂಗ ನೋಡಲಿ ಅನ್ನೋದೊಂದೇ ಹೊಳೆವ್ವನ ಚಿಂತೆ.

ಸೋಮವಾರ ಗಡಿಗೆ ಸುಟ್ಟ ಆವಿಗೆ ಬಿಚ್ಚಿದರು. ಸುಟ್ಟ ಗಡಿಗೆ ಒಳಗೆ ತಂದಿಡು ಅಂದರೆ ಅಡಿವೆಪ್ಪ ಒಡಕು, ಬಿರುಕು ಎಲ್ಲಾ ತಂದಿಟ್ಟ.

"ಹಂಗಲ್ಲೋ ನನ್ನಪ್ಪಾ. ಗಡಿಗಿ ತಲಿ ಮ್ಯಾಲ ಬೆರಳಿಂದ ತಟ್ಟಿ ನೋಡಬೇಕು. ಠಣ್ ಅಂದರ ತಗೊಂಡು ಬಾ, ದಬ್ ಅಂದರ ಅಲ್ಲೇ ಬಿಟ್ಟು ಬಾ."

"ಆತು ಬಿಡವ್ವ," ಅಂದ.

ಮಂಗಳವಾರ ಮುಂಜಾನೆ, "ಮಾವನ್ನ ಕರಕೊಂಡು ಬಾ, ಗುರುವಾರದ ಮಾತು ಆಡೋದೈತಿ," ಅಂತ ಕಳಿಸಿದಳು. ಹೋದ. ಒಬ್ಬನೇ ಬಂದ.

"ಮಾವ ಎಲ್ಲೋ?"

"ತಲಿ ತಟ್ಟಿದೆ. ದಬ್ ಅಂತು. ಅಲ್ಲೇ ಬಿಟ್ಟು ಬಂದೆ."

ಅವನ ಹಿಂದೆಯೇ ಮಾವ ಫಕೀರಪ್ಪ ಬೋಳು ತಲೆ ಸವರಿಕೊಳ್ಳುತ್ತಾ ಬಂದ. "ಹೊಳೆವ್ವಾ, ನಿನ್ನ ಮಗ ನನ್ನ ತಲಿ ಒಡಕು ಅಂತ ಓಣಿಗೆಲ್ಲಾ ಹೇಳಿ ಬಂದಾನ."

"ಇವನ್ನ ಕಟ್ಟಿಕೊಂಡು ಸಾಕಾತು," ಅಂದಳು ಗಿರಿಜಾ.

ಹೊಳೆವ್ವ ಮಗನನ್ನು ಮಗ್ಗುಲಿಗೆ ಕೂರಿಸಿಕೊಂಡು ಹೇಳಿದಳು: "ಯಾರನ್ನರ ಕರಿಯಾಕ ಹೋದರ ಕೈ ಮುಗದು, ಆರಾಮ ಅದೀರೇನ್ರಿ, ಊಟ ಆತೇನ್ರಿ ಅಂತ ಕೇಳಿ, ಅವರು ಹೂಂ ಅನ್ನೋತನಕ ನಿಂದರಬೇಕು."

"ಆತು ಬಿಡವ್ವ."

ಅವತ್ತೇ ಮಧ್ಯಾಹ್ನ ಕೆರೆ ದಂಡೆಯಿಂದ ಕತ್ತೆ ಹೊಡಕೊಂಡು ಬರಲು ಹೋದ. ಹೊತ್ತು ಇಳಿಯಿತು, ಬರಲಿಲ್ಲ. ಹೋಗಿ ನೋಡಿದರೆ ಅಡಿವೆಪ್ಪ ಕೈ ಮುಗಿದು ನಿಂತಿದ್ದಾನೆ, ಕತ್ತೆ ಪಕ್ಕದ ಹೊಲದ ಕಡಲೆಯನ್ನು ಅರ್ಧ ಮೇಯ್ದಿದೆ.

"ಊಟ ಆತೇನ್ರಿ ಅಂತ ಕೇಳಿದೆ. ಇನ್ನೂ ಉಣ್ಣಾಕತ್ತೈತಿ," ಅಂದ.

ಹೊಲದವನ ಕಾಲು ಹಿಡಿದು ಬಂದ ಹೊಳೆವ್ವ ಹೇಳಿದಳು: "ಕೊರಳಿಗೆ ಹಗ್ಗ ಹಾಕಿ ಎಳಕೊಂಡು ಬರಬೇಕೋ ಮಗನ. ಹಿಂದ ನೋಡದಂಗ ಬರಬೇಕು."

"ಆತು ಬಿಡವ್ವ."

ಬುಧವಾರ ಮೊಸರು ತರಬೇಕಾಗಿತ್ತು. ಬೀಗರ ಎದುರಿಗಿಡಲಿಕ್ಕೆ ಅಂತ ಗಿರಿಜಾ ಒಂದು ಗಡಿಗೆ ಮಾಡಿದ್ದಳು. ಅಂಥ ತೆಳುವಾದ ಗಡಿಗೆ ಆ ಓಣಿಯಲ್ಲಿ ಯಾರ ಕೈಯಿಂದಲೂ ಇಳಿದಿರಲಿಲ್ಲ. ಅದನ್ನೇ ಅಡಿವೆಪ್ಪ ಒಯ್ದ. ಬರುವಾಗ ಹಗ್ಗ ಎಳೆಯುತ್ತಾ, ಹಿಂದೆ ನೋಡದೆ ಬಂದ. ಹಗ್ಗದ ತುದಿಯಲ್ಲಿ ಗಡಿಗೆಯ ಕೊರಳು ಮಾತ್ರ ಇತ್ತು.

ಗಿರಿಜಾ ಆ ಕೊರಳನ್ನು ಕೈಗೆತ್ತಿಕೊಂಡಳು. ಬೈಯಲಿಲ್ಲ. ಅದಕ್ಕೇ ಹೊಳೆವ್ವನಿಗೆ ಹೆಚ್ಚು ಭಯವಾಯಿತು.

"ಯವ್ವಾ, ನಾಳೆ ಅವರು ಹೋಗೋತನಕ ಇವನ್ನ ಕೆರಿಗೆ ಕಳಸು. ಮಣ್ಣು ಅಗೀಲಿ. ಅವರ ಕಣ್ಣಿಗೆ ಬೀಳೂದು ಬ್ಯಾಡ."

ಹೊಳೆವ್ವ ಅಂದಳು: "ಇಷ್ಟು ವರ್ಷ ಸಂತ್ಯಾಗ ಕುಂತೀನಿ. ಕೆಳಗ ಒಡಕೊಂದು ಮುಚ್ಚಿಟ್ಟು ಮ್ಯಾಲ ಚಲೋದೊಂದು ತೋರಿಸಿ ಯಾರಿಗೂ ಮಾರಿಲ್ಲ. ನನ್ನ ಮಕ್ಕಳೊಳಗ ಹಂಗ ಮಾಡಲೇನು?"

ಗಿರಿಜಾ ಮುಖ ತಿರುಗಿಸಿದಳು.

ಹೊಳೆವ್ವ ಮಗನ ಗಲ್ಲ ಹಿಡಿದು, ಈ ಸಲ ತಪ್ಪಲಿಕ್ಕೆ ಜಾಗವೇ ಇಲ್ಲದ ಹಾಗೆ ಹೇಳಿದಳು: "ನಾಳೆ ನಿನ್ನ ಬುದ್ಧಿ ಓಡಿಸಬ್ಯಾಡ. ಅಕ್ಕನ್ನ ನೋಡು. ಅಕ್ಕ ಹ್ಯಾಂಗ ಮಾಡ್ತಾಳ ಹಂಗ ಮಾಡು. ಅಷ್ಟ."

"ಆತು ಬಿಡವ್ವ."

ಗುರುವಾರ ಬಂದರು. ಹುಡುಗ, ಅವನ ತಾಯಿ ಕಲ್ಲವ್ವ, ಒಬ್ಬ ಕಾಕಾ. ಗಿರಿಜಾ ತಲೆ ಮೇಲೆ ಸೆರಗು ಹೊದ್ದು ಅವಲಕ್ಕಿ ತಂದಿಟ್ಟು ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಳು. ಹಿಂದೆಯೇ ಅಡಿವೆಪ್ಪ ತಲೆ ಮೇಲೆ ಟವೆಲ್ ಹೊದ್ದು ಬಂದು, ಪಕ್ಕದಲ್ಲಿ ಕೂತು, ತಲೆ ತಗ್ಗಿಸಿದ.

"ಹೆಸರೇನವ್ವಾ?" ಕಲ್ಲವ್ವ ಕೇಳಿದಳು.

"ಗಿರಿಜಾ ರೀ."

"ಗಿರಿಜಾ ರೀ," ಅಂದ ಅಡಿವೆಪ್ಪ.

"ಅಡಗಿ ಬರ್ತೈತೇನು?"

"ಬರ್ತೈತ್ರಿ."

"ಬರ್ತೈತ್ರಿ."

ಕಾಕಾ ಕೆಮ್ಮಿದ. "ಹುಡುಗನೂ ಒಬ್ಬನ, ನಾವು ನೋಡಾಕ ಬಂದದ್ದೂ ಒಬ್ಬಾಕಿನ್ನ. ಇಲ್ಲಿ ಇಬ್ಬರು ಕುಂತಾರಲ್ಲ?"

ಕಲ್ಲವ್ವ ನಗಲಿಲ್ಲ. "ಯಾಕಪ್ಪಾ ಹಿಂಗ?" ಅಂದಳು.

"ಅವ್ವ ಹೇಳ್ಯಾಳ್ರಿ. ಅಕ್ಕ ಮಾಡಿದಂಗ ಮಾಡು ಅಂತ."

ಬಾಗಿಲಲ್ಲಿ ನಿಂತಿದ್ದ ಹೊಳೆವ್ವ ಒಳಗೆ ಬಂದಳು. "ನನ್ನ ಮಗನ್ರಿ. ಹೇಳಿದ್ದನ್ನ ಹೇಳಿದಂಗ ಮಾಡ್ತಾನ. ಹೇಳೂದರಾಗ ನಾನ ತಪ್ಪತೀನಿ."

ಕಲ್ಲವ್ವ ಗಿರಿಜಾಳ ಕಡೆ ತಿರುಗಿದಳು. "ನೀ ಹೇಳವ್ವಾ. ತಮ್ಮನ್ನ ಎದ್ದು ಹೊರಗ ಹೋಗು ಅನ್ನಲೇನು?"

ಗಿರಿಜಾ ತಮ್ಮನನ್ನು ನೋಡಿದಳು. ಟವೆಲ್ ಕಣ್ಣಿನ ಮೇಲೆ ಇಳಿದಿತ್ತು, ಅವನು ಅದನ್ನು ಸರಿಸಿಕೊಂಡಿರಲಿಲ್ಲ. ಆಕೆ ತನ್ನ ಸೆರಗು ಸರಿಸಿಕೊಂಡಿರಲಿಲ್ಲವಲ್ಲ. ಗಿರಿಜಾ ಸೆರಗು ಹಿಂದಕ್ಕೆ ಸರಿಸಿದಳು. ಅವನೂ ಸರಿಸಿದ. ಅವನ ಕಣ್ಣು ಕಂಡವು.

"ಕುಂದರಲಿ ಬಿಡ್ರಿ," ಅಂದಳು. "ಅವ ನನ್ನ ತಮ್ಮ."

ಅಂದು, ಅವನಿಗೆ ಜಾಗ ಬಿಡಲು ಗೇಣು ಸರಿದಳು. ಅವನೂ ಅತ್ತಲೇ ಗೇಣು ಸರಿದ. ಆಕೆ ಮತ್ತೆ ಸರಿದಳು, ಅವನೂ ಸರಿದ. ಇಬ್ಬರೂ ಚಾಪೆ ಬಿಟ್ಟು ಗೋಡೆಗೆ ತಾಗಿದ ಮೇಲೆ ಹುಡುಗ ಮೊದಲು ನಕ್ಕ, ಆಮೇಲೆ ಗಿರಿಜಾ ನಕ್ಕಳು. ಗಿರಿಜಾ ನಕ್ಕ ಮೇಲೆ ಅಡಿವೆಪ್ಪನೂ ನಕ್ಕ.

ಕಲ್ಲವ್ವ ಚೀಲ ಬಿಚ್ಚಿ, ತಂದಿದ್ದ ಅಕ್ಕಿ, ಕಾಯಿ, ಕುಪ್ಪಸದ ಕಣ ತೆಗೆದಳು. ಹೆಣ್ಣು ಒಪ್ಪಿಗೆಯಾದರೆ ಉಡಿ ತುಂಬುವುದು ಪದ್ಧತಿ. ಗಿರಿಜಾ ಸೆರಗೊಡ್ಡಿದಳು. ಅಡಿವೆಪ್ಪ ಟವೆಲ್ ಒಡ್ಡಿದ. ಕಲ್ಲವ್ವ ಸೆರಗಿಗೆ ಐದು ಹಿಡಿ ಹಾಕಿದಳು, ಟವೆಲಿಗೂ ಒಂದು ಹಿಡಿ ಹಾಕಿ, "ತಗೋ ತಂಗೀ," ಅಂದಳು. ಗಿರಿಜಾಳ ಕಣ್ಣು ತುಂಬಿತು. ಅಡಿವೆಪ್ಪ ಗೊಳೋ ಅಂತ ಅತ್ತ.

ಬೀಗರು ಹೋದ ಮೇಲೆ ಹೊಳೆವ್ವ ಕಂಬಕ್ಕೆ ಒರಗಿ ಕೂತಳು. ಮಗ ಟವೆಲಿನ ಅಕ್ಕಿ ಗಂಟು ಕಟ್ಟಿಕೊಂಡು, ತನ್ನ ಎರಡು ಅಂಗಿ ಕಂಕುಳಲ್ಲಿ ಹಿಡಿದು ಬಂದ.

"ಯವ್ವಾ, ನಮ್ಮ ಮದುವಿ ಯಾವಾಗ?"

ಹೊಳೆವ್ವ ಬೈಯಲು ಬಾಯಿ ತೆರೆದಳು. ಹೊಸದೊಂದು ಬುದ್ಧಿಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡು, "ಮೊದಲು ಉಣ್ಣು ಬಾ," ಅಂದಳು.

ರೊಟ್ಟಿ ಹಾಕಿದಳು. ಅವನು ಕೈ ಹಚ್ಚಲಿಲ್ಲ. ಗಿರಿಜಾ ಕಣ್ಣೊರೆಸಿಕೊಳ್ಳುತ್ತಾ ಸುಮ್ಮನೆ ಕೂತಿದ್ದಳು, ಅವನೂ ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದ.

ಗಿರಿಜಾ ನೋಡಿದಳು. ಒಂದು ತುತ್ತು ಮುರಿದು ಬಾಯಿಗಿಟ್ಟಳು. ಅವನೂ ಇಟ್ಟ. ಒಂದು ರೊಟ್ಟಿಗೇ ಆಕೆಯ ಹೊಟ್ಟೆ ತುಂಬಿತು. ಆದರೆ ತಮ್ಮನಿಗೆ ನಾಲ್ಕು ಬೇಕು ಅನ್ನೋದು ಆಕೆಗೆ ಗೊತ್ತಿತ್ತು.

"ಯವ್ವಾ," ಅಂದಳು, "ನನಗ ಇನ್ನೂ ಮೂರು ಹಾಕು."