ರಾಮಾಂಜಿನಪ್ಪ ಹೊಡೆದ ಉದ್ದ ಗಂಟೆ

ಶಾಲೆಗಳ ಜವಾನರು, ಆಯಾಗಳು, ಬಿಸಿಯೂಟದ ಅಡುಗೆಯವರು, ಇವರೆಲ್ಲರ ಸಂಘ ಕಟ್ಟಿದವನು ನಾನೇ. ಸುಳ್ಳು. ಆ ಸಂಘದ ನಾಯಕತ್ವ ಸಮ್ಮೇಳನದಲ್ಲಿ ನಾನು ಕಡಿದು ಕಟ್ಟೆ ಹಾಕಿದ್ದು ಎರಡು ಪ್ಲೇಟು ಉಪ್ಪಿಟ್ಟು, ಅಷ್ಟೇ. ಕಥೆ ಮಾತ್ರ ನಿಜ, ಕೇಳಿ.

ರಾಮಾಂಜಿನಪ್ಪ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ಗಂಟೆ ಹೊಡೆಯುವ ಜವಾನ. ಸಂಘದವರು ಅವನಿಗೆ ಹೇಳಿ ಕಳಿಸಿದರು: "ಸಮ್ಮೇಳನಕ್ಕೆ ಗಂಟೆ ತಗೊಂಡು ಬಾಪ್ಪ. ಮಾತಾಡೋಕೆ ಒಬ್ಬೊಬ್ಬರಿಗೂ ಮೂರು ನಿಮಿಷ. ಮುಗಿದ ತಕ್ಷಣ ಒಂದೇಟು ಹಾಕು. ಯಾರೇ ಆಗ್ಲಿ."

ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಎರಡು ಬಸ್ಸು ಬದಲಿಸಿ, ಗಂಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಂದ. ಜೊತೆಗೆ ಅದೇ ಶಾಲೆಯ ಅಡುಗೆಯ ಸಿದ್ದಗಂಗಮ್ಮ. ಹೋದ ತಿಂಗಳು ಕುದಿಯುವ ಸಾರಿನ ಪಾತ್ರೆಯನ್ನು ಇಬ್ಬರೇ ಹೆಂಗಸರು ಇಳಿಸುವಾಗ ಜಾರಿ, ಅವಳ ಮುಂಗೈ ಬೆಂದಿತ್ತು. ಪಾತ್ರೆ ಹಿಡಿಯಲು ಇನ್ನೊಬ್ಬರನ್ನು ಕೊಡಿ ಎಂದು ಕೇಳುವುದಕ್ಕೇ ಅವಳು ಬಂದಿದ್ದು. ಮಾತಾಡುವವರ ಪಟ್ಟಿಯಲ್ಲಿ ಅವಳ ಹೆಸರು ಕಟ್ಟಕಡೆಗೆ. ಸಮ್ಮೇಳನ ನಡೆಯುವ ಕಲ್ಯಾಣಮಂಟಪವನ್ನು ಮಧ್ಯಾಹ್ನ ಎರಡು ಗಂಟೆಗೆ ಖಾಲಿ ಮಾಡಬೇಕು. ಸಂಜೆ ಅಲ್ಲಿ ಯಾರದೋ ಆರತಕ್ಷತೆ.

ಮೊದಲು ಒಬ್ಬ ಜವಾನ ಎದ್ದ. ಮೂರು ನಿಮಿಷ. ಢಣ್. ಕೂತ. ಒಬ್ಬ ಆಯಾ ಎದ್ದಳು. ವಿಷಯಕ್ಕೆ ಬರುವಷ್ಟರಲ್ಲಿ ಢಣ್. ಕೂತಳು. ರಾಮಾಂಜಿನಪ್ಪನ ಗಡಿಯಾರ ಗಡಿಯಾರವೇ.

ಆಮೇಲೆ ಅಧ್ಯಕ್ಷರು ಎದ್ದರು. "ನಾಯಕನಾದವನು ಬೇರೆಯವರ ಮಾತು ಕೇಳಿಸಿಕೊಳ್ಳಬೇಕು," ಎಂದು ಶುರು ಮಾಡಿದರು. ಮೂರು ನಿಮಿಷವಾಯಿತು. ಹದಿಮೂರಾಯಿತು. ಐವತ್ತಾಯಿತು. ಕೇಳಿಸಿಕೊಳ್ಳುವುದು ಹೇಗೆ ಎಂದು ಇನ್ನೂ ಹೇಳುತ್ತಲೇ ಇದ್ದರು.

ರಾಮಾಂಜಿನಪ್ಪನ ಕೈ ಮೇಲೇಳಲಿಲ್ಲ. ಸಂಘದ ಹೊಸ ತಾಲ್ಲೂಕು ಕಾರ್ಯದರ್ಶಿ ಯಾರೆಂದು ಕೊನೆಗೆ ಅಧ್ಯಕ್ಷರೇ ಹೇಳುವವರಿದ್ದರು. ಇವನ ಹೆಸರೂ ಬಾಯಿಂದ ಬಾಯಿಗೆ ಓಡಾಡುತ್ತಿತ್ತು.

ಸಿದ್ದಗಂಗಮ್ಮ ಹಿಂದಿನಿಂದ ಪಿಸುಗುಟ್ಟಿದಳು. "ರಾಮಾಂಜಿನಣ್ಣ, ಒಂದೂಮುಕ್ಕಾಲು ಆಯ್ತು."

"ಅಧ್ಯಕ್ಷರಲ್ವೇನಮ್ಮ..."

"ಆ ಆಯಮ್ಮನಿಗೆ ಹೊಡೆಯೋವಾಗ ಕೈ ಚೆನ್ನಾಗೇ ಇತ್ತು!"

ಅವನು ಹಿಂತಿರುಗಿ ನೋಡಿದ. ಅವಳ ಮುಂಗೈ ಕಾಣಿಸಿತು. ಸುತ್ತಿಗೆ ಎತ್ತಿದ. ಒಂದೇ ಏಟು ಎಂದುಕೊಂಡಿದ್ದ. ಆದರೆ ನಾಲ್ಕು ಗಂಟೆಗೆ ಎದ್ದು ದಣಿದ ಕೈ ಇಪ್ಪತ್ತಾರು ವರ್ಷದ ಅಭ್ಯಾಸದಂತೆ ಓಡಿತು. ಢಣ ಢಣ ಢಣ ಢಣ! ನಿಲ್ಲಲೇ ಇಲ್ಲ. ಮಕ್ಕಳನ್ನು ಮನೆಗೆ ಬಿಡುವ ಉದ್ದ ಗಂಟೆ ಅದು.

ಸಭೆಯಲ್ಲಿದ್ದವರು ಯಾರು? ಎಲ್ಲರೂ ಶಾಲೆಯವರೇ. ತೂಕಡಿಸುತ್ತಿದ್ದ ಇನ್ನೂರು ಜನ ಒಟ್ಟಿಗೆ ಎದ್ದರು. ಆಯಾಗಳು ಕುರ್ಚಿ ಒಂದರ ಮೇಲೊಂದು ಜೋಡಿಸಿದರು. ಜವಾನರು ಕಿಟಕಿ ಹಾಕಿದರು. ಯಾರೋ ಒಬ್ಬ ಹೋಗಿ ಮೇನ್ ಸ್ವಿಚ್ಚೇ ಆರಿಸಿದ. ಮೈಕು ಸತ್ತಿತು. ಅಧ್ಯಕ್ಷರ ಬಾಯಿ ಮಾತ್ರ ಸ್ವಲ್ಪ ಹೊತ್ತು ಆಡುತ್ತಿತ್ತು.

ರಾಮಾಂಜಿನಪ್ಪ ಗಾಬರಿಯಲ್ಲಿ, ಪಾಠ ಶುರುವಾಗುವಾಗ ಹೊಡೆಯುವ ಎರಡೇಟು ಹೊಡೆದ. ಎಲ್ಲರೂ ಜೋಡಿಸಿದ ಕುರ್ಚಿಗಳನ್ನು ಇಳಿಸಿಕೊಂಡು ತೆಪ್ಪಗೆ ಕೂತರು. ಲೈಟು ಬಂತು. ಕಕ್ಕಾಬಿಕ್ಕಿಯಾದ ಅಧ್ಯಕ್ಷರೂ ಎಲ್ಲರ ಜೊತೆ ಕೂತುಬಿಟ್ಟಿದ್ದರು. ವೇದಿಕೆಯ ಮೇಲೆ ನಿಂತಿದ್ದವಳು ಸಿದ್ದಗಂಗಮ್ಮ ಒಬ್ಬಳೇ. ಅಭ್ಯಾಸಬಲದಿಂದ ಟೀ ಲೋಟ ಎತ್ತಲು ಹತ್ತಿದ್ದಳು.

"ಲೋಟ ಬಿಡಮ್ಮ," ಎಂದ ರಾಮಾಂಜಿನಪ್ಪ. "ಮೈಕ್ ಹಿಡಿ."

ಅವಳು ಮೈಕ್ ಹಿಡಿದಳು. ಸೆರಗು ಸರಿಸಿ ಮುಂಗೈ ತೋರಿಸಿದಳು. ಸಭೆಯಲ್ಲಿ ಒಬ್ಬರೂ ತೂಕಡಿಸಲಿಲ್ಲ. ಮೂರು ನಿಮಿಷವಾಯಿತು. ಢಣ್. ಅವಳು ಅವನನ್ನು ದುರುಗುಟ್ಟಿ ನೋಡಿ, ಕೆಳಗಿಳಿದಳು.

ಕಾರ್ಯದರ್ಶಿ ಎಂದು ಅಧ್ಯಕ್ಷರು ಬೇರೆಯವನ ಹೆಸರು ಹೇಳಿದರು. ಸಿದ್ದಗಂಗಮ್ಮನ ಬೇಡಿಕೆ ನಿರ್ಣಯಗಳ ಕೊನೆಯಲ್ಲಿ ಒಂದು ಸಾಲಾಗಿ ಸೇರಿತು. ಮೂರನೆಯ ಅಡುಗೆಯವರು ಇವತ್ತಿಗೂ ಬಂದಿಲ್ಲ. ಸಾರಿನ ಪಾತ್ರೆ ಇಳಿಸುವ ಹೊತ್ತಿಗೆ ಈಗ ರಾಮಾಂಜಿನಪ್ಪನೇ ಅಡುಗೆಮನೆಗೆ ಹೋಗಿ ಒಂದು ಕಡೆ ಹಿಡಿಯುತ್ತಾನೆ.

ಆ ದಿನ ವಾಪಸ್ಸು ಹೋಗುವ ಬಸ್ಸಿನಲ್ಲಿ ಅವಳು ಕೇಳಿದಳಂತೆ: "ನಂಗೂ ಹೊಡೆದ್ಯಲ್ಲಣ್ಣ!"

"ಮೂರು ನಿಮಿಷ ಆಗಿತ್ತಲ್ಲಮ್ಮ."

"ಅಧ್ಯಕ್ಷರಿಗೂ ಆಗಿತ್ತಲ್ಲ, ಯಾವಾಗ್ಲೋ."

ಅವನು ಚೀಲದ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ.

ನೀತಿ: ಗಂಟೆ ನಿನ್ನ ಕೈಗೆ ಬಂದ ದಿನ ಸಣ್ಣವರಿಗೆ ಎಷ್ಟು ಹೊತ್ತೋ ದೊಡ್ಡವರಿಗೂ ಅಷ್ಟೇ ಹೊತ್ತು. ನೀನು ಹೆದರಿ ಹೊಡೆಯದೆ ಬಿಟ್ಟ ಪ್ರತಿ ಏಟಿಗೂ, ಕೊನೆಯಲ್ಲಿ ಕೂತವರ ಮಾತು ಹೋಗುತ್ತದೆ.

ಇಷ್ಟೂ ಕಣ್ಣಾರೆ ಕಂಡವನು ನಾನು, ಮೂರನೇ ಪ್ಲೇಟು ಉಪ್ಪಿಟ್ಟು ತಿನ್ನುತ್ತಾ. ನೀತಿ ಪುಕ್ಕಟೆ. ಈ ಟೀ ದುಡ್ಡು ಮಾತ್ರ ನೀವೇ ಕೊಟ್ಟುಬಿಡಿ ಸ್ವಾಮಿ.